ವಿತುಕ್ ಹಿಡಿದ ಕೈ

ವೀಬ್ಕೆ ಮತ್ತೆ ಸೋಪು ಹಚ್ಚಿಕೊಂಡಳು. ನೊರೆ ಬೆಳ್ಳಗೇ ಬಂತು, ಕೈ ಮಾತ್ರ ಕಪ್ಪಗೇ ಉಳಿಯಿತು.

ಹಣ್ಣು ಹೆಚ್ಚುವ ಮೇಜಿನ ಆಚೆ ತುದಿಯಲ್ಲಿ ಎಡಿಲ್ಮಾ ಶಿಗ್ವಾಂಗೊ ಪಪ್ಪಾಯಿಯ ಬೀಜ ಬಗೆಯುತ್ತ ಕೂತಿದ್ದಳು. ತಲೆ ಎತ್ತದೆ ನೋಡುವುದು ಅವಳಿಗೆ ಹಳೇ ವಿದ್ಯೆ. ಹುಡುಗಿಯ ಬಲ ಅಂಗೈಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟೆ, ಬೆರಳುಗಳ ಒಳಬದಿಗೂ ಅದೇ ಕಪ್ಪು, ಎಡಗೆನ್ನೆಯ ಮೇಲೆ ಕೈ ಒರೆಸಿಕೊಂಡಂತೆ ಒಂದು ಮಚ್ಚೆ. ಚಿಲಕ ಎಳೆದ ಕೈ ಹೇಗಿರಬೇಕೋ ಹಾಗೇ ಇತ್ತು.

ಮೂರು ಚೊರೊಂಗೊ ಕೋತಿಗಳಲ್ಲಿ ಎರಡು ಮಾಯವಾಗಿ ಬಸುರಿ ಹೆಣ್ಣೊಂದೇ ಉಳಿದಿದ್ದ ಆ ದೊಡ್ಡ ಪಂಜರದ ಚಿಲಕಕ್ಕೆ, ನಿನ್ನೆ ಮುಸ್ಸಂಜೆ ವಿತುಕ್ ಕಾಯಿಯ ರಸ ಸವರಿ ಬಂದವಳು ಎಡಿಲ್ಮಾಳೇ.

ವಿತುಕ್ ರಸ ಹಚ್ಚಿದಾಗ ಬರೀ ನೀರು. ಹೊತ್ತು ಹೋದಂತೆ ನೀಲಿಗೆ ತಿರುಗುತ್ತದೆ, ಬೆಳಗಾಗುವಷ್ಟರಲ್ಲಿ ಕಾಡಿಗೆಗಪ್ಪು. ಸೋಪಿಗೆ ಜಗ್ಗುವುದಿಲ್ಲ, ನಿಂಬೆಗೂ ಜಗ್ಗುವುದಿಲ್ಲ, ಚರ್ಮ ತಾನಾಗಿ ಸುಲಿದು ಹೊಸದು ಬರಬೇಕು. ರಸ ಒಣಗಿಹೋಗದಿರಲೆಂದು ಎಡಿಲ್ಮಾ ಅದಕ್ಕೆ ಒಂದಿಷ್ಟು ಜೇನನ್ನೂ ಬೆರೆಸಿದ್ದಳು. ಸರಕಾರಿ ಪ್ರಯೋಗಾಲಯಕ್ಕೆ ಬೆರಳಚ್ಚು ಕಳಿಸಿ ಉತ್ತರಕ್ಕಾಗಿ ಬಾಯಿ ಬಿಟ್ಟುಕೊಂಡು ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

“ಕೈಗೇನಾಯ್ತಮ್ಮ?” ಎಂದು ಕೇಳಿದಳು, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವಳ ಹಾಗೆ.

ಬಾಳೆಕಾಯಿಯ ಸೊನೆ ಇರಬೇಕು ಅಂದಳು ವೀಬ್ಕೆ. ಬಾಳೆಕಾಯಿಯ ಕಲೆ ಕಂದು ಬಣ್ಣದ್ದು ಅನ್ನುವುದು ಜರ್ಮನಿಯಿಂದ ಸ್ವಯಂಸೇವೆಗೆ ಬಂದ ಹುಡುಗಿಗೆ ಗೊತ್ತಿರಲಿಕ್ಕಿಲ್ಲ. ಎಡಿಲ್ಮಾ ಹೌದೌದು ಎಂದು ತಲೆಯಾಡಿಸಿ ಇನ್ನೊಂದು ಪಪ್ಪಾಯಿ ಎತ್ತಿಕೊಂಡಳು.

ಪ್ರಾಣಿಗಳ ಆರೈಕೆಯ ಈ ಕೇಂದ್ರದಲ್ಲಿ ಎಲ್ಲರ ಪಾಲಿಗೂ ಅವಳು ಮಂಡಿನೋವಿನ ಒಬ್ಬ ಚಿಕ್ಕಮ್ಮ. ವಯಸ್ಸಾದ ಕಾಲಕ್ಕೆ ಪುಣ್ಯದ ಕೆಲಸ ಮಾಡೋಣ ಎಂದು ಸ್ವಯಂಸೇವಕಿಯಾಗಿ ಬಂದವಳು, ಕೂತಲ್ಲೇ ಕೂತು ಹಣ್ಣು ಹೆಚ್ಚುವವಳು, ಮಧ್ಯಾಹ್ನ ಮರಗೆಣಸಿನ ಕಳ್ಳು ಚಿಚಾವನ್ನು ಒಂದು ಬಟ್ಟಲು ಜಾಸ್ತಿ ಕುಡಿಯುವವಳು. ನಾಪೊ ನದಿಯ ಮೇಲಕ್ಕೂ ಕೆಳಕ್ಕೂ ಇರುವ ಕಳ್ಳರೆಲ್ಲ ಅವಳು ಪೊಲೀಸಿನಲ್ಲಿದ್ದ ಕಾಲದಲ್ಲಿ ಅವಳ ಹೆಸರು ಕೇಳಿದರೆ ದೋಣಿ ತಿರುಗಿಸುತ್ತಿದ್ದರೆಂಬುದು ಇಲ್ಲಿ ರೊಸೌರಾ ಗ್ರೆಫಾ ಒಬ್ಬಳಿಗೇ ಗೊತ್ತು. ಈ ಕೇಂದ್ರ ಕಟ್ಟಿದವಳು ರೊಸೌರಾ. ಅವಳ ಮಗಳಿಗೆ ಎಡಿಲ್ಮಾ ಜ್ಞಾನಸ್ನಾನದ ತಾಯಿ, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. “ನನ್ನ ಮನೆಯೊಳಗೇ ಕಳ್ಳತನ ನಡೀತಿದೆ, ಬಾ” ಎಂದು ರೊಸೌರಾ ಫೋನು ಮಾಡಿದ್ದಳು. ಎಡಿಲ್ಮಾ ಬಂದು ಇಳಿದ ದಿನವೇ ಚಿಕ್ಕ ಗಂಡು ಕೋತಿ ಮಾಯವಾಗಿತ್ತು. ಆಮೇಲೆ ದೊಡ್ಡ ಗಂಡು.

ಅದು ಬರೀ ಕೋತಿಯ ಲೆಕ್ಕವಾಗಿದ್ದರೆ ಎಡಿಲ್ಮಾ ಇಷ್ಟು ನಿದ್ದೆಗೆಡುತ್ತಿರಲಿಲ್ಲ. ಇನ್ನೊಂದು ಕಾಣೆಯಾದರೆ ಕೇಂದ್ರಕ್ಕೆ ಬೀಗ, ಪ್ರಾಣಿಗಳೆಲ್ಲ ಪಟ್ಟಣದ ಬೋನಿಗೆ ಎಂದು ಅರಣ್ಯ ಇಲಾಖೆಯ ಇನ್‌ಸ್ಪೆಕ್ಟರ್ ಪಾಸ್ಪುಯೆಲ್ ಹೇಳಿ ಹೋಗಿದ್ದ. ಕಾಲು ಮುರಿದ ಟೇಪಿರ್, ರೆಕ್ಕೆ ಕತ್ತರಿಸಿಕೊಂಡ ಮಕಾವ್ ಗಿಳಿಗಳು, ರೊಸೌರಾಳ ಇಡೀ ಬದುಕು, ಎಲ್ಲ ಆ ಒಂದು ಬಸುರಿ ಕೋತಿಯ ಬಾಲಕ್ಕೆ ಕಟ್ಟಿದ ಹಾಗಿತ್ತು.

ಮರಗೆಣಸಿನ ಮೂಟೆ ಹೊತ್ತು ದೆಲ್ಫಿನ್ ತಪುಯ್ ಒಳಗೆ ಬಂದ. ದೋಣಿ ನಡೆಸುವವನೂ ಅವನೇ, ರಾತ್ರಿ ಕಾವಲಿನವನೂ ಅವನೇ, ಬಾಯಿಗೆ ಮಾತ್ರ ಕಾವಲಿಲ್ಲ. ವೀಬ್ಕೆಯ ಕೈ ಕಂಡದ್ದೇ ಮೂಟೆ ಧೊಪ್ಪನೆ ಇಳಿಸಿದ.

“ಏನಮ್ಮಾ, ಚಿನ್ನದ ಕೂದಲು ಸಾಕಾಯ್ತಾ? ನಮ್ಮ ಅಜ್ಜೀರ ಹಾಗೆ ತಲೆಗೆ ವಿತುಕ್ ಹಚ್ಕೊಳ್ಳೋಕೆ ಹೊರಟ್ಯಾ? ಅವರಿಗೂ ಹೀಗೇ, ತಲೆಗಿಂತ ಮೊದಲು ಕೈ ಕಪ್ಪಾಗೋದು.”

ವೀಬ್ಕೆಗೆ ತಮಾಷೆ ಅರ್ಥವಾಗಲಿಲ್ಲ. ಅವನ ಹಿಂದೆಯೇ ಕಾಫಿ ಹಿಡಿದು ಬಂದ ಡಾಕ್ಟರ್ ಮೊಸ್ಕೋಸೊಗೆ ಅರ್ಥವಾಯಿತು. ಬೆಟ್ಟದ ಮೇಲಿನ ಕ್ವೆಂಕಾ ನಗರದ ಈ ಪಶುವೈದ್ಯ ಕಾಡಿಗೆ ಬಂದು ವರ್ಷಗಳಾದರೂ ಶೂ ಹೊಳಪು ಬಿಟ್ಟವನಲ್ಲ. ಈ ಹೊತ್ತಲ್ಲಿ ವಿತುಕ್ ಎಲ್ಲಿ ಸಿಕ್ಕಿತು ಇವಳಿಗೆ, ಮರ ಇರೋದು ತೋಟದ ಆಚೆ ತುದಿಯಲ್ಲಿ ತಾನೇ, ಎಂದು ಕೇಳಿದ.

ಇನ್ನು ಬೀಜ ಬಗೆಯುವ ನಾಟಕ ಸಾಕೆನಿಸಿತು ಎಡಿಲ್ಮಾಗೆ. ಚಾಕು ಒರೆಸಿ ಪಕ್ಕಕ್ಕಿಟ್ಟಳು.

“ಚೊರೊಂಗೊ ಪಂಜರದ ಚಿಲಕದಲ್ಲಿ ಸಿಕ್ಕಿತು ಡಾಕ್ಟ್ರೇ. ನಾನೇ ಇಟ್ಟಿದ್ದೆ.”

ತಾನು ಯಾರು, ಯಾಕೆ ಬಂದೆ ಅನ್ನುವುದನ್ನು ಅವಳು ಎರಡೇ ಮಾತಲ್ಲಿ ಹೇಳಿ ಮುಗಿಸಿದಳು. ದೆಲ್ಫಿನ್ ಶಿಲುಬೆಯ ಗುರುತು ಮಾಡಿಕೊಂಡ. ಇಷ್ಟು ದಿನ ಈ ಚಿಕ್ಕಮ್ಮನ ಎದುರಿಗೇ ಕಳ್ಳಸಾರಾಯಿಯ ಕತೆಗಳನ್ನೆಲ್ಲ ಹೇಳಿದ್ದ ಪಾಪ. ಡಾಕ್ಟರನ ಕಾಫಿ ಬಟ್ಟಲು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು.

ಅವನಿಗೆ ಎಲ್ಲಿಲ್ಲದ ಅವಸರ ಬಂತು. ಕಳ್ಳಿ ಸಿಕ್ಕಳಲ್ಲ, ಇನ್ನೇನು, ಇನ್‌ಸ್ಪೆಕ್ಟರಿಗೆ ಈಗಲೇ ಹೇಳಿಬಿಡುತ್ತೇನೆ, ಅವರು ಪಕ್ಕದ ಊರಲ್ಲೇ ಇದ್ದಾರೆ ಎನ್ನುತ್ತ ಫೋನು ಹಿಡಿದು ಸಿಗ್ನಲ್ ಸಿಗುವ ದಿಬ್ಬಕ್ಕೆ ಹೊರಟ. ಎಡಿಲ್ಮಾ ತಡೆಯಲಿಲ್ಲ. ಇನ್‌ಸ್ಪೆಕ್ಟರ್ ಬರುವುದರೊಳಗೆ ಹೆಸರು ಖಚಿತ ಮಾಡಿಕೊಳ್ಳುವ ಧೈರ್ಯ ಅವಳಿಗಿತ್ತು. ಎದ್ದು, ಮಂಡಿ ಹಿಡಿದುಕೊಂಡೇ, ವೀಬ್ಕೆಯನ್ನು ಮೇವಿನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

ಅವಳ ತರ್ಕ ಸರಳವಾಗಿತ್ತು. ಚೊರೊಂಗೊ ಅಂದರೆ ಗದ್ದಲದ ಪ್ರಾಣಿ. ಗುರುತಿಲ್ಲದವರು ಮುಟ್ಟಲು ಬಂದರೆ ನದಿಯ ಆಚೆ ದಡಕ್ಕೆ ಕೇಳುವ ಹಾಗೆ ಚೀರುತ್ತದೆ. ಕಾಡಿಗೆ ಮರಳಬೇಕಾದ ಪ್ರಾಣಿಗೆ ಮನುಷ್ಯರ ಗುರುತೇ ಆಗಬಾರದೆಂದು ಇಲ್ಲಿ ಕಟ್ಟುನಿಟ್ಟು. ಆ ಪಂಜರದ ಹತ್ತಿರ ಎಲ್ಲರೂ ಒಂದೇ ಬಣ್ಣದ ಮುಸುಕಿನ ಮಳೆಯಂಗಿ ತೊಡಬೇಕು, ಮಾತಾಡಬಾರದು, ಮುಟ್ಟಬಾರದು, ಹೆಸರಿಡಬಾರದು. ಹಣ್ಣಿನ ಬುಟ್ಟಿಯನ್ನು ಹಗ್ಗದಲ್ಲಿ ಮೇಲಕ್ಕೆಳೆದು ತಿರುಗಿ ನೋಡದೆ ಬರಬೇಕು. ಹೀಗಿರುವಾಗ ಎರಡು ಗಂಡುಗಳು ಚಕಾರವೆತ್ತದೆ ಹೊರಗೆ ಹೋಗಿದ್ದವು. ಅಂದಮೇಲೆ ಯಾರೋ ನಿಯಮ ಮುರಿದು ಸಲಿಗೆ ಬೆಳೆಸಿದ್ದಾರೆ. ನಿಯಮ ಮುರಿದವರೇ ಕದ್ದವರು. ಡಾಕ್ಟರನ ಮೇಲೆ ಅವಳಿಗೆ ಅನುಮಾನ ಬಾರದಿದ್ದುದಕ್ಕೂ ಇದೇ ಕಾರಣ. ಸೂಜಿ ಚುಚ್ಚುವ ಮನುಷ್ಯ ಅವನು, ಮುಸುಕು ಹಾಕಿದ್ದರೂ ವಾಸನೆಯಲ್ಲೇ ಹಿಡಿದು ಕೋತಿಗಳು ಬೊಬ್ಬೆ ಹೊಡೆಯುತ್ತಿದ್ದವು.

“ರಾತ್ರಿ ನೀನು ಪಂಜರದೊಳಗೆ ಹೋಗಿದ್ದೆ,” ಎಂದಳು ಎಡಿಲ್ಮಾ.

ವೀಬ್ಕೆ ಮೇವಿನ ಚೀಲದ ಮೇಲೆ ಕೂತಳು.

“ಸುಳ್ಳು ಹೇಳೋಕೆ ಟೈಮ್ ತಗೋಬೇಡ. ಸುಳ್ಳು ಹೆಣೆಯೋರ ಮುಖ ನಂಗೆ ಚೆನ್ನಾಗಿ ಗೊತ್ತು.”

“ಹೋಗಿದ್ದೆ. ಆದ್ರೆ ನಾನು ಲೋಟೆನ ಕದಿಯೋಕೆ ಹೋಗಿದ್ದಲ್ಲ, ದೊನ್ಯಾ ಎಡಿ.”

“ಲೋಟೆ ಯಾರು?”

ಹುಡುಗಿ ಕಪ್ಪು ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಹೆಸರಿಡಬಾರದ ಕೋತಿಗೆ ಹೆಸರಿಟ್ಟಿದ್ದಳು. ಅದೂ ತನ್ನ ಸತ್ತ ಅಜ್ಜಿಯ ಹೆಸರು ಎಂದು ಅಳುತ್ತ ಒಪ್ಪಿಕೊಂಡಳು.

ಆಮೇಲೆ ಎಲ್ಲ ತಾನಾಗಿ ಹೊರಬಿತ್ತು. ಜೊತೆಯವು ಎರಡೂ ಹೋದಮೇಲೆ ಆ ಹೆಣ್ಣು ತಿನ್ನುವುದನ್ನು ಬಿಟ್ಟಿತ್ತು. ಬುಟ್ಟಿ ಮೇಲೆ ಹೋದ ಹಾಗೇ ಕೆಳಗೆ ಬರುತ್ತಿತ್ತು. ಮೂಲೆಯಲ್ಲಿ ಬಾಲ ಸುತ್ತಿಕೊಂಡು ಕೂತು ತನ್ನ ಹೊಟ್ಟೆಯನ್ನು ತಾನೇ ಸವರಿಕೊಳ್ಳುತ್ತಿತ್ತಂತೆ. ಮೂರು ರಾತ್ರಿಯಿಂದ ವೀಬ್ಕೆ ಕದ್ದು ಒಳಗೆ ಹೋಗಿ, ಗ್ವಾಬಾ ಕಾಯಿ ಬಿಡಿಸಿ ಒಳಗಿನ ಬಿಳಿ ತಿರುಳನ್ನು ಕೈಯಿಂದಲೇ ತಿನ್ನಿಸಿ ಬರುತ್ತಿದ್ದಳು. ನಿನ್ನೆ ಅದು ಅವಳ ಕುತ್ತಿಗೆ ತಬ್ಬಿ ಮಲಗಿಬಿಟ್ಟಿತು. ಎಬ್ಬಿಸಲು ಮನಸ್ಸಾಗದೆ ಅವಳೂ ಅಲ್ಲೇ ಕೂತಿದ್ದಳು.

“ನಿಯಮ ಮುರಿದೆ. ಮನೆಗೆ ಕಳಿಸಿ, ಹೋಗ್ತೀನಿ,” ಎಂದಳು. “ಆದ್ರೆ ನಿನ್ನೆ ರಾತ್ರಿ ಅದು ಹೊಟ್ಟೆ ತುಂಬ ತಿಂತು. ನೀವೇ ಹೋಗಿ ನೋಡಿ.”

ಎಡಿಲ್ಮಾ ನೋಡಿಯೇ ಬಂದಿದ್ದಳು. ಬೆಳಿಗ್ಗೆ ಪಂಜರದ ನೆಲದಲ್ಲಿ ಗ್ವಾಬಾ ಸಿಪ್ಪೆ ಬಿದ್ದಿತ್ತು, ಬುಟ್ಟಿಯಲ್ಲಿ ಗ್ವಾಬಾ ಹಾಕಿರಲಿಲ್ಲ. ಆ ಸಿಪ್ಪೆ ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದಳು. ಕದಿಯಲು ಬಂದವರು ಉಣ್ಣಿಸಿ, ಬಾಗಿಲು ಹಾಕಿ, ಬಿಟ್ಟು ಹೋಗುತ್ತಾರೆಯೇ?

ಹುಡುಗಿಯ ಎಡ ಮುಂಗೈಯ ಬಿಳಿ ಕಟ್ಟಿನ ಮೇಲೆ ಅವಳ ಕಣ್ಣು ನಿಂತಿತು. ಅದು ದೊಡ್ಡ ಗಂಡು ಕಚ್ಚಿದ ಗಾಯ. ಪಂಜರದ ತಂತಿಬಲೆಯ ಸಂದಿಯಲ್ಲಿ ಬಿದ್ದಿದ್ದ ಟೋಪಿ ತೆಗೆಯಲು ವೀಬ್ಕೆ ಕೈ ಹಾಕಿದ್ದಳು. ಆವತ್ತಿನ ಚೀರಾಟಕ್ಕೆ ಅಡುಗೆಮನೆಯೆಲ್ಲ ಎದ್ದು ಓಡಿತ್ತು, ಮಂಡಿನೋವಿನ ಎಡಿಲ್ಮಾ ಕೂಡ. ಅದಾದ ಎರಡೇ ದಿನಕ್ಕೆ ಅದೇ ದೊಡ್ಡ ಗಂಡು ಉಸಿರೆತ್ತದೆ ಪಂಜರ ಬಿಟ್ಟು ಹೋಗಿತ್ತು. ಕಚ್ಚಿದ ಕೈಯನ್ನೇ ಹಿಡಿದುಕೊಂಡು ಹೋಯಿತು ಅಂದರೆ ಅವಳ ಜ್ಞಾನಸ್ನಾನದ ಮಗಳೂ ನಂಬುವುದಿಲ್ಲ.

ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಎಡಿಲ್ಮಾಗೆ ಹೊಳೆಯಿತು. ಹೊಳೆದಾಗ ಅವಳಿಗೆ ನಾಚಿಕೆಗಿಂತ ಹುರುಪೇ ಹೆಚ್ಚು. ನಿಯಮ ಮುರಿದವರು ಬೇರೆ, ಕದ್ದವರು ಬೇರೆ. ಸಲಿಗೆ ಈಗ ಬೆಳೆದದ್ದೇ ಆಗಬೇಕೆಂದೇನಿದೆ?

“ಏಳು,” ಎಂದಳು. “ಮುಖ ತೊಳ್ಕೋ. ಕಪ್ಪು ಹೋಗಲ್ಲ, ಕಣ್ಣೀರಾದ್ರೂ ಹೋಗ್ಲಿ. ಯಾರು ಏನೇ ಕೇಳಿದ್ರೂ ನನ್ನ ಪಕ್ಕ ಬಿಟ್ಟು ಅಲ್ಲಾಡಬೇಡ. ನಿನ್ನ ಯಾರೂ ಎಲ್ಲಿಗೂ ಕರ್ಕೊಂಡು ಹೋಗಲ್ಲ.”

ದೆಲ್ಫಿನ್ ಹೊರಗಿನ ಕಟ್ಟೆಯಲ್ಲಿ ಕೂತು ಮರಗೆಣಸಿನ ಸಿಪ್ಪೆ ಹೆರೆಯುತ್ತಿದ್ದ. ಎಡಿಲ್ಮಾಳನ್ನು ಕಂಡು ಕಾಲು ಮಡಚಿ ನೆಟ್ಟಗಾದ. ಸಾರಾಯಿ ವಿಷಯ ತನಗೆ ಮರೆತೇ ಹೋಗಿದೆ ಎಂದು ಅವಳು ಮೊದಲೇ ಹೇಳಿಬಿಟ್ಟಳು, ಅವನ ಭುಜ ಇಳಿಯಿತು. ಆಮೇಲೆ, ಆ ಎರಡು ಗಂಡುಗಳು ಇಲ್ಲಿಗೆ ಬಂದಾಗ ಎಷ್ಟು ದೊಡ್ಡವಿದ್ದವು ಎಂದು ಕೇಳಿದಳು.

ಅಂಗೈಯಷ್ಟು ಎಂದ ದೆಲ್ಫಿನ್. ತಾಯಂದಿರನ್ನು ಯಾರೋ ಮಾಂಸಕ್ಕೆ ಹೊಡೆದಿದ್ದರು, ಮರಿಗಳು ಸತ್ತ ಮೈಗೇ ಕಚ್ಚಿಕೊಂಡಿದ್ದವು. ಅಂಥ ಮರಿಯನ್ನು ಪಂಜರಕ್ಕೆ ಹಾಕಿದರೆ ಉಳಿಯುವುದಿಲ್ಲ, ಯಾರಾದರೂ ಹಗಲೂ ರಾತ್ರಿ ಮೈಮೇಲೆ ಹೊತ್ತುಕೊಂಡೇ ಇರಬೇಕು. ಮುಸುಕು, ಮೌನ ಎಲ್ಲ ಆಮೇಲಿನದು, ಮರಿ ಮರ ಹತ್ತುವಂತಾದ ಮೇಲೆ.

“ಯಾರು ಹೊತ್ತಿದ್ದು?”

“ಇನ್ಯಾರು? ರೊಸೌರಾ ಅಮ್ಮ. ಎರಡನ್ನೂ ಬೆನ್ನಿಗೆ ಬಟ್ಟೆ ಕಟ್ಟಿ ಹಾಕ್ಕೊಂಡು ಅಡುಗೆ, ತೋಟ, ಪೂಜೆ, ಎಲ್ಲ. ಅವಳ ಬಿಳಿ ಜಡೆ ಹಿಡ್ಕೊಂಡ್ರೇನೇ ನಿದ್ದೆ ಅವಕ್ಕೆ. ನಾವು ಬಿಡಿಸೋಕೆ ಹೋದ್ರೆ ಕಚ್ಚೋವು.” ಅವನು ನಕ್ಕ. “ಹೆಣ್ಣು ಆಮೇಲೆ ಬಂತು, ದೊಡ್ಡದಾಗಿ. ಅದಕ್ಕೆ ಅವಳ ಹಂಗಿಲ್ಲ.”

ಎಡಿಲ್ಮಾ ನಗಲಿಲ್ಲ. ಅವಳಿಗೆ ಇವತ್ತಿನ ಬೆಳಗಿನ ಜಾವ ನೆನಪಾಯಿತು. ಬೆಳಕು ಹರಿಯುವ ಮುಂಚೆ ಎಲ್ಲರೂ ಒಲೆಯ ಸುತ್ತ ಕೂತು ಗ್ವಾಯುಸಾ ಕಷಾಯ ಕುಡಿಯುತ್ತ ರಾತ್ರಿ ಬಿದ್ದ ಕನಸು ಹೇಳಿಕೊಳ್ಳುವುದು ನದಿಯ ಉದ್ದಕ್ಕೂ ವಾಡಿಕೆ. ರೊಸೌರಾ ಜ್ವರವಿದ್ದರೂ ತಪ್ಪಿಸದವಳು. ಇವತ್ತು ಅವಳ ಮಣೆ ಖಾಲಿಯಿತ್ತು. ಮರಗೆಣಸಿನ ತೋಟಕ್ಕೆ ಬೇಗ ಹೋದಳೆಂದು ಯಾರೋ ಹೇಳಿದ್ದರು, ಚಿಂತೆಯಲ್ಲಿರುವ ಹೆಂಗಸು ಎಂದು ಎಡಿಲ್ಮಾ ಸುಮ್ಮನಾಗಿದ್ದಳು.

ಸುಮ್ಮನಾಗಿದ್ದಳಲ್ಲ, ಛೆ.

ದಂಡೆಗೆ ಇಳಿಯುವ ಮಣ್ಣಿನ ಮೆಟ್ಟಿಲಿಗೆ ಅವಳು ಹೋಗಿ ನಿಲ್ಲುವುದಕ್ಕೂ ತೋಟದ ಕಾಲುದಾರಿಯಲ್ಲಿ ರೊಸೌರಾ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಬುಟ್ಟಿ ಹೊತ್ತಿದ್ದಳು. ತಲೆಗೆ ಕೆಂಪು ವಸ್ತ್ರ ಬಿಗಿದಿದ್ದಳು. ಇಷ್ಟು ವರ್ಷದಲ್ಲಿ ಎಡಿಲ್ಮಾ ಅವಳ ತಲೆಯ ಮೇಲೆ ವಸ್ತ್ರ ಕಂಡದ್ದಿಲ್ಲ. ಒಂದೊಂದು ಬಿಳಿ ಕೂದಲೂ ಒಂದೊಂದು ಪ್ರಾಣಿಗಾಗಿ ಸಂಪಾದಿಸಿದ್ದು ಕಣೇ, ಮುಚ್ಚಿಡಲು ನಾನೇನು ಕದ್ದಿದ್ದೀನಾ ಎಂದು ಅವಳೇ ಹೇಳುತ್ತಿದ್ದಳು.

“ಕೊಮಾದ್ರೆ,” ಎಂದಳು ಎಡಿಲ್ಮಾ. “ತಲೆವಸ್ತ್ರ ತೆಗಿ.”

ರೊಸೌರಾ ಬುಟ್ಟಿ ಇಳಿಸಿದಳು. ಅವಸರ ಮಾಡಲಿಲ್ಲ, ತಕರಾರೂ ಮಾಡಲಿಲ್ಲ. ಗಂಟು ಬಿಚ್ಚಿದಳು.

ಕೂದಲು ಕಡುಗಪ್ಪಾಗಿತ್ತು. ಹದಿನೆಂಟರ ಹುಡುಗಿಯ ಕೂದಲಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಗಂಟು ಬಿಚ್ಚಿದ ಎರಡು ಕೈಗಳೂ ಮಣಿಕಟ್ಟಿನವರೆಗೆ ಕಪ್ಪು.

“ಚೆನ್ನಾಗಿದೆಯಾ?” ಎಂದು ಕೇಳಿದಳು. “ಸೊಸೆ ಮನೆಗೆ ಬರ್ತಾಳಂತೆ, ಮುದುಕಿ ಥರ ಕಾಣಬಾರದು ಅಂತ ಹಚ್ಕೊಂಡೆ.”

ಎಡಿಲ್ಮಾ ಅವಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಅಂಗೈ ಪೂರ್ತಿ ಕಪ್ಪು, ನಿಜ. ಆದರೆ ಆ ಕಪ್ಪಿನ ನಡುವೆ ಅಡ್ಡಲಾಗಿ ಇನ್ನೂ ಗಾಢವಾದ ಒಂದು ಪಟ್ಟೆ. ಎರಡು ಸಲ ವಿತುಕ್ ಹಿಡಿದ ಜಾಗ. ಅದರ ಅಗಲ ಚಿಲಕದ ಅಗಲ.

ತಾನು ಎಂಥ ಬಲೆ ಹಾಕಿದೆ ಎಂದು ಎಡಿಲ್ಮಾಗೆ ಆಗ ಅರ್ಥವಾಯಿತು. ವಿತುಕ್ ಹೊರಗಿನವರನ್ನು ಹಿಡಿಯುತ್ತದೆ. ವಿತುಕ್ಕಿನಲ್ಲೇ ತಲೆ ತೊಳೆದು ಬೆಳೆದ ಹೆಂಗಸಿಗೆ ಅದು ಬಲೆಯೂ ಹೌದು, ಮರೆಯೂ ಹೌದು. ಕಪ್ಪಾದ ಕೈಗೆ ಕಪ್ಪು ಕೂದಲಿಗಿಂತ ಒಳ್ಳೆಯ ಸಾಕ್ಷಿ ಯಾವ ನ್ಯಾಯಾಲಯದಲ್ಲಿದೆ? ತನ್ನ ಅಜ್ಜಿಯ ಕೈಗಳೂ ಹೀಗೇ ಇದ್ದವು, ಅದನ್ನೇ ಮರೆತಿದ್ದಳು.

“ಮುಟ್ಟಿದ ಕ್ಷಣವೇ ಗೊತ್ತಾಯ್ತು,” ಎಂದಳು ರೊಸೌರಾ, ನಾಟಕ ಬಿಟ್ಟು. “ಜೇನು ಬೇರೆ ಬೆರೆಸಿದ್ದೀಯ. ನಿನ್ನ ಕೈರುಚಿ ನಂಗೆ ಗೊತ್ತಿಲ್ವೇನೇ?”

“ನಿನ್ನ ಕೋತಿನ ನೀನೇ ಯಾಕೆ ಕದ್ದೆ?”

“ಕದಿಯೋರು ಬರೋಕೆ ಮುಂಚೆ ಎತ್ತಿಟ್ಟೆ. ಆ ಎರಡೂ ಆಚೆ ದಡದ ಕಾಡಲ್ಲಿ ಸುಖವಾಗಿವೆ. ಬೀಗ ಬಿದ್ರೂ ಬೀಳಲಿ, ನಿನ್ನೆ ಹೆಣ್ಣನ್ನೂ ಒಯ್ಯೋಣ ಅಂತ ಹೋದೆ. ಆ ಹುಡುಗಿ ಒಳಗೆ ತಬ್ಕೊಂಡು ಮಲಗಿದ್ಲು. ಎಬ್ಬಿಸಲಾರದೆ ಬಂದೆ.”

ಉಳಿದದ್ದನ್ನು ಅವಳು ಗಡಿಬಿಡಿಯಲ್ಲಿ ಹೇಳಿದಳು, ಕಣ್ಣು ನದಿಯ ತಿರುವಿನ ಮೇಲೇ ಇತ್ತು. ಹೋದ ಮಳೆಗಾಲದಲ್ಲಿ ಇಲಾಖೆಯ ದೋಣಿಯಲ್ಲಿ ಕಾಡಿಗೆ ಬಿಡಲೆಂದು ಟಿಗ್ರಿಯೊ ಎಂಬ ಒಂದು ಚುಕ್ಕೆಯ ಕಾಡುಬೆಕ್ಕನ್ನು ಕಳಿಸಿದ್ದಳು, ಕಿವಿ ಹರಿದು ಹೊಲಿಗೆ ಹಾಕಿದ್ದ ಮರಿ. ಕೆಲವು ವಾರಗಳ ಹಿಂದೆ ಪಟ್ಟಣದ ಒಬ್ಬ ದೊಡ್ಡ ಮನುಷ್ಯನ ಮನೆಗೆ ದೇಣಿಗೆ ಕೇಳಲು ಹೋದಾಗ ಅದೇ ಹೊಲಿಗೆಯ ಕಿವಿ ಅವನ ಹಿತ್ತಿಲ ಬೋನಿನಿಂದ ಇಣುಕಿತ್ತು. ಅಲ್ಲಿಂದ ಮನೆಗೆ ಬಂದು ಅನ್ನ ಮುಟ್ಟದೆ ಎಡಿಲ್ಮಾಗೆ ಫೋನು ಮಾಡಿದ್ದಳು.

“ಕಳ್ಳತನ ನಡೀತಿದೆ ಅಂದೆ. ಕೋತಿ ಕಳೆದದ್ದಕ್ಕೆ ನಾನು ನಿನ್ನ ಕರೆದಿದ್ದಲ್ಲ. ಒಳಗಿನ ಒಂದು ಕೈ ಇಲ್ದೆ ಯಾವ ಪ್ರಾಣಿ ಯಾವಾಗ ಹೊರಡುತ್ತೆ ಅಂತ ಅವನಿಗೆ ಹೆಂಗೆ ಗೊತ್ತಾಗುತ್ತೆ? ಆ ಕೈ ಹುಡುಕು ಅಂತ ಕರೆದೆ.”

“ಯಾರಿಗೆ ಗೊತ್ತಾಗುತ್ತೆ? ಅವನು ಅಂದ್ರೆ ಯಾರು?”

ರೊಸೌರಾ ಉತ್ತರ ಕೊಡಬೇಕಾಗಿ ಬರಲಿಲ್ಲ. ತಿರುವಿನಲ್ಲಿ ಮೋಟಾರಿನ ಸದ್ದು ಕೇಳಿಸಿತು, ಇಲಾಖೆಯ ಹಸಿರು ದೋಣಿಯ ಮೂತಿ ಕಂಡಿತು. ಅದನ್ನು ಕಂಡ ರೊಸೌರಾಳ ಮುಖವೇ ಉತ್ತರವಾಗಿತ್ತು.

ಎಡಿಲ್ಮಾಗೆ ಸಿಟ್ಟು ಬಂತು. ಮೊದಲೇ ಹೇಳಬಾರದಿತ್ತೇ ಎಂದು ಗೆಳತಿಯ ಮೇಲೆ ಬಂತು, ಅದಕ್ಕಿಂತ ಹೆಚ್ಚಾಗಿ ಆ ದೋಣಿಯ ಮೇಲೆ ಬಂತು. ಮೊದಲೇ ಹೇಳಿದ್ದರೆ ನೀನು ಕಾನೂನು ಮಾತಾಡುತ್ತಿದ್ದೆ ಎಂದಳು ರೊಸೌರಾ. ಅದು ಸುಳ್ಳಾಗಿರಲಿಲ್ಲ.

“ಈಗ ನನ್ನ ಹೆಸರು ಹೇಳಿದ್ರೆ, ಕೋತಿಗಳೆಲ್ಲಿ ಅಂತ ಕೇಳ್ತಾರೆ. ಹೇಳಬೇಕಾಗುತ್ತೆ. ನನ್ನ ಹೆಸರು ಹೇಳದೇ ಹೋದ್ರೆ ಆ ಹುಡುಗಿ ಕೈಗೆ ಕೋಳ. ಏನು ಮಾಡ್ತೀಯ ಎಡಿ?”

“ನೀನು ವಸ್ತ್ರ ಕಟ್ಕೊಳ್ಳದೆ ನೆಟ್ಟಗೆ ನಿಂತ್ಕೋ,” ಎಂದಳು ಎಡಿಲ್ಮಾ. “ಕೂದಲು ಚೆನ್ನಾಗೇ ಇದೆ. ಉಳಿದದ್ದು ನಂಗೆ ಬಿಡು.”

ದೋಣಿ ದಡಕ್ಕೆ ತಾಗಿತು. ಹಗ್ಗ ಹಿಡಿಯಲು ದೆಲ್ಫಿನ್ ಓಡಿ ಬಂದ. ವೀಬ್ಕೆ ಹೇಳಿದ ಮಾತು ಮೀರದೆ ಎಡಿಲ್ಮಾಳ ಪಕ್ಕಕ್ಕೆ ಬಂದು ನಿಂತಳು, ಕಪ್ಪು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು. ಇನ್‌ಸ್ಪೆಕ್ಟರ್ ಪಾಸ್ಪುಯೆಲ್ ಇಸ್ತ್ರಿ ಮಾಡಿದ ಪ್ಯಾಂಟಿಗೆ ಕೆಸರು ಸಿಡಿಯದ ಹಾಗೆ ಹೆಜ್ಜೆಯಿಟ್ಟು ಮೇಲೆ ಬಂದ. ನಗುಮುಖದ ಮನುಷ್ಯ, ಎಲ್ಲರಿಗೂ ಕೈಮುಗಿದ. ಕಳ್ಳರು ಸಿಕ್ಕ ಸುದ್ದಿ ಡಾಕ್ಟರ್ ಫೋನಿನಲ್ಲಿ ತಿಳಿಸಿದರೆಂದೂ, ಒಬ್ಬ ಹಿರಿಯ ಅಧಿಕಾರಿಣಿ ತಮಗೆ ನೆರವಾದದ್ದು ತಮ್ಮ ಭಾಗ್ಯವೆಂದೂ ಹೊಗಳಿದ. ಆಮೇಲೆ ವಿಷಯಕ್ಕೆ ಬಂದ.

“ಹೆಸರು ಹೇಳಿ ದೊನ್ಯಾ ಎಡಿಲ್ಮಾ. ಕರ್ಕೊಂಡು ಹೊರಡ್ತೀನಿ.”

ರೊಸೌರಾಳ ಕಪ್ಪು ಕೈ ಎಡಿಲ್ಮಾಳ ಬೆನ್ನಿಗೆ ತಾಗಿತು.

ಎಡಿಲ್ಮಾ ಇನ್‌ಸ್ಪೆಕ್ಟರನ ಮುಖ ನೋಡುತ್ತಿರಲಿಲ್ಲ. ಅವನ ಭುಜದಾಚೆ ದೋಣಿಯ ನಡುಭಾಗದಲ್ಲಿ, ತಾಡಪಾಲಿನ ಅಂಚು ಗಾಳಿಗೆ ಮಗುಚಿಕೊಂಡಿತ್ತು. ಅಲ್ಲೊಂದು ಪಂಜರವಿತ್ತು. ಚೊರೊಂಗೊ ಒಂದು ಹಿಡಿಸುವಷ್ಟೇ ದೊಡ್ಡದು. ತಳಕ್ಕೆ ಹೊಸ ಹುಲ್ಲು ಹಾಸಿತ್ತು.

“ಹೇಳ್ತೀನಿ ಸಾರ್, ಹೆಸರು ಎಲ್ಲಿಗೂ ಓಡಿಹೋಗಲ್ಲ,” ಎಂದಳು, ಬಹಳ ದಿನದ ಮೇಲೆ ತನ್ನ ಹಳೇ ದನಿಯಲ್ಲಿ. “ಅದಕ್ಕಿಂತ ಮೊದಲು ನಂದೊಂದು ಸಣ್ಣ ಅನುಮಾನ. ಕಳ್ಳರನ್ನ ಕರ್ಕೊಂಡು ಹೋಗೋಕೆ ಬಂದೋರು ಕೋತಿ ಪಂಜರ ಯಾಕೆ ತಂದ್ರಿ? ಕೇಂದ್ರನೇ ಮುಚ್ಚೋಕೆ ಬಂದಿದ್ರೆ ಒಂದು ಪಂಜರ ಸಾಲದು. ಒಂದೇ ಸಾಕು ಅಂತ ನಿಮಗೆ ಹೇಳಿದ್ದು ಯಾರು?”

ಪಾಸ್ಪುಯೆಲ್‌ನ ನಗು ಇದ್ದ ಹಾಗೇ ಇತ್ತು, ಕಣ್ಣು ಮಾತ್ರ ಕದಲಿತು. ಎಡಿಲ್ಮಾಳನ್ನು ದಾಟಿ, ಮೆಟ್ಟಿಲನ್ನು ದಾಟಿ, ಮೇಲಿನ ಮರಗಳ ಕಡೆ ಒಂದು ಗಳಿಗೆ ಹೋಗಿ ಬಂತು.

ಎಡಿಲ್ಮಾ ಅದೇ ಗಳಿಗೆಯಲ್ಲಿ ದಂಡೆಯ ಮೇಲಿದ್ದವರನ್ನು ಕಣ್ಣಲ್ಲೇ ಲೆಕ್ಕ ಹಾಕಿದಳು. ವೀಬ್ಕೆ ಇದ್ದಳು. ರೊಸೌರಾ ಇದ್ದಳು. ಹಗ್ಗ ಹಿಡಿದು ದೆಲ್ಫಿನ್ ಇದ್ದ.

ಫೋನು ಮಾಡಲು ದಿಬ್ಬ ಹತ್ತಿದ ಡಾಕ್ಟರ್ ಮೊಸ್ಕೋಸೊ ಇನ್ನೂ ಕೆಳಗಿಳಿದಿರಲಿಲ್ಲ.

ಆಗ ಮೇಲಿನ ಮರಗಳ ನಡುವಿನ ದೊಡ್ಡ ಪಂಜರದಿಂದ ಆ ಬಸುರಿ ಚೊರೊಂಗೊ ಚೀರಿತು. ಸೂಜಿ ಕಂಡಾಗ ಚೀರುವ ಹಾಗೆ, ನದಿಯ ಆಚೆ ದಡಕ್ಕೆ ಕೇಳುವ ಹಾಗೆ. ಒಂದೇ ಒಂದು ಸಲ ಚೀರಿ, ಮಂಪರಿನ ಮದ್ದು ಏರಿದ ಹಾಗೆ ನಡುವೆಯೇ ನಿಂತುಹೋಯಿತು.